ಪ್ರತಿ ಸಲ ಓಡಿಸಿದಾಗಲೂ ಬೇರೆ ಉತ್ತರ, ಕೈ-ಸ್ಕ್ವೇರ್ ಮಾತ್ರ ಒಂದೇ: ಜೆನೆಟಿಕ್ ಅಲ್ಗಾರಿದಂ ನಂಬೋದು ಹೇಗೆ?

ಅಂತರಗಂಗೆ (ಕೋಲಾರ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಫಿಸಿಕ್ಸ್ ಕೊನೇ ಸೆಮಿಸ್ಟರ್. ಪ್ರಾಜೆಕ್ಟ್‌ನಲ್ಲಿ ಎರಡು ಭಾಗ ಇದೆ. ಒಂದು, ದ್ರವಬಿಂದು ಮಾದರಿಯ (ನ್ಯೂಕ್ಲಿಯಸ್ಸನ್ನು ದ್ರವದ ಹನಿ ಅಂತ ಎಣಿಸುವ ಸೂತ್ರ) ಐದು ಗುಣಾಂಕಗಳನ್ನು ನ್ಯೂಕ್ಲಿಯಸ್‌ಗಳ ಬಂಧನ ಶಕ್ತಿಗೆ (ಅವನ್ನು ಬಿಡಿಬಿಡಿ ಮಾಡಲು ಬೇಕಾದ ಶಕ್ತಿ) ಫಿಟ್ ಮಾಡೋದು, ಅಂದರೆ ಅಳೆದ ಬೆಲೆಗಳಿಗೆ ಹೊಂದುವಂತೆ ಆರಿಸೋದು. ಇನ್ನೊಂದು, ಕ್ಯಾಲ್ಸಿಯಂ-40 ಮೇಲೆ 30 ಎಂಇವಿ (ಶಕ್ತಿಯ ಘಟಕ) ಆಸುಪಾಸಿನ ಪ್ರೋಟಾನ್ ಬಿಟ್ಟಾಗ ಅದು ಯಾವ ಕೋನಕ್ಕೆ ಎಷ್ಟು ಚದುರುತ್ತದೆ ಅನ್ನೋ ಡೇಟಾಗೆ ಆಪ್ಟಿಕಲ್ ಮಾಡೆಲ್ (ನ್ಯೂಕ್ಲಿಯಸ್ ಪ್ರೋಟಾನನ್ನು ಚದುರಿಸೋದು, ಹೀರೋದು ಎರಡನ್ನೂ ಒಂದು ಪೊಟೆನ್ಷಿಯಲ್‌ನಲ್ಲಿ ಹಿಡಿಯುವ ಮಾದರಿ) ಫಿಟ್ ಮಾಡೋದು. ಎರಡಕ್ಕೂ ಜೆನೆಟಿಕ್ ಅಲ್ಗಾರಿದಂ (ಉತ್ತರಗಳ ಗುಂಪು ಮಾಡಿ, ಒಳ್ಳೆಯವನ್ನು ಆರಿಸಿ, ಬೆರೆಸಿ, ತಲೆಮಾರಿಂದ ತಲೆಮಾರಿಗೆ ಸುಧಾರಿಸುವ ಹುಡುಕಾಟ) ಬಳಸು ಅಂತ ಗೈಡ್ ಹೇಳಿದ್ದಾರೆ.

ಎರಡನೇ ಭಾಗ ತಲೆ ತಿನ್ನುತ್ತಿದೆ. ರ‍್ಯಾಂಡಮ್ ಸೀಡ್ (ಹುಡುಕಾಟ ಶುರು ಮಾಡುವ ಸಂಖ್ಯೆ) ಬದಲಾಯಿಸಿದರೆ ಸಾಕು, ಉತ್ತರವೂ ಬದಲಾಗುತ್ತದೆ. ವುಡ್ಸ್-ಸ್ಯಾಕ್ಸನ್ ಪೊಟೆನ್ಷಿಯಲ್‌ನ (ಅಂಚು ನಯವಾಗಿ ಇಳಿಯುವ ಬಾವಿಯ ಆಕಾರ) ಆಳ ವಿ, ತ್ರಿಜ್ಯದ ಪ್ಯಾರಾಮೀಟರ್ ಆರ್ (ಫರ್ಮಿ ಅನ್ನೋ ಉದ್ದದ ಘಟಕದಲ್ಲಿ) ಹೀಗೆ ಬರುತ್ತಿವೆ:

ವಿ 46 ಎಂಇವಿ, ಆರ್ 1.25 ಫರ್ಮಿ
ವಿ 50 ಎಂಇವಿ, ಆರ್ 1.20 ಫರ್ಮಿ
ವಿ 54 ಎಂಇವಿ, ಆರ್ 1.155 ಫರ್ಮಿ

ಅಂಚಿನ ದಪ್ಪ ಮೂರರಲ್ಲೂ 0.65 ಹತ್ತಿರವೇ ಇದೆ. ಕೈ-ಸ್ಕ್ವೇರ್ (ಲೆಕ್ಕ ಡೇಟಾದಿಂದ ಎಷ್ಟು ದೂರ ಇದೆ ಅನ್ನೋ ಅಳತೆ) ಕೂಡ ಹೆಚ್ಚುಕಮ್ಮಿ ಒಂದೇ. ಗ್ರಾಫ್ ಹಾಕಿದರೆ ಮೂರು ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ವೈವಾದಲ್ಲಿ "ಇದರಲ್ಲಿ ಯಾವುದಮ್ಮಾ ಸರಿ?" ಅಂತ ಕೇಳಿದರೆ ಏನು ಹೇಳಲಿ?

ಚಾಂಪಿಯನ್ ರೀಫ್ಸ್ (ಕೆಜಿಎಫ್)

ಮೊದಲನೇ ಭಾಗದ ಬಗ್ಗೆ ಹೇಳಿಬಿಡುತ್ತೇನೆ. ಅಲ್ಲಿ ಜೆನೆಟಿಕ್ ಅಲ್ಗಾರಿದಂ ಬೇಕಾಗಿಯೇ ಇಲ್ಲ. ಐದು ಗುಣಾಂಕಗಳೂ ಸೂತ್ರದಲ್ಲಿ ಬರೀ ಗುಣಿಸಿ ಕೂಡಿಸುವ ರೀತಿಯಲ್ಲಿ ಬರುತ್ತವೆ, ಅಂದರೆ ಲೀನಿಯರ್. ಇಂಥ ಲೆಕ್ಕದಲ್ಲಿ ಕೈ-ಸ್ಕ್ವೇರ್ ಅತಿ ಕಡಿಮೆ ಆಗುವ ತಳ ಇರೋದು ಒಂದೇ. ಲೀಸ್ಟ್ ಸ್ಕ್ವೇರ್ಸ್ (ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠ ಮಾಡುವ ವಿಧಾನ) ಹಾಕಿದರೆ ಒಂದೇ ಏಟಿಗೆ ಉತ್ತರ ಬರುತ್ತದೆ. ಪೈಥಾನ್‌ನ ನಮ್‌ಪೈನಲ್ಲಿ ಒಂದು ಸಾಲು, ಎಕ್ಸೆಲ್‌ನಲ್ಲೂ ಆಗುತ್ತದೆ. ತಲೆಮಾರುಗಟ್ಟಲೆ ತಳಿ ಬೆಳೆಸಿ ಅದೇ ಉತ್ತರದ ಹತ್ತಿರ ಬಂದು ನಿಲ್ಲೋದು ಸುಮ್ನೆ ಕರೆಂಟ್ ದಂಡ.

ಮುಳಬಾಗಿಲು ಮೇಷ್ಟ್ರು

ಸರಿಯಾಗಿ ಹೇಳಿದಿರಿ. ಆ ಸೂತ್ರ 1935ರಲ್ಲಿ ವೈಜ್‌ಸೇಕರ್ ಬರೆದದ್ದು, ಕೈಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲದ್ದು. ನಾನು ಪಾಠ ಮಾಡುವಾಗ ಎರಡು ನ್ಯೂಕ್ಲಿಯಸ್‌ಗಳನ್ನು ಬೋರ್ಡ್ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಅಂತರಗಂಗೆ, ನೀನೂ ಒಮ್ಮೆ ಪೆನ್ನು ಹಿಡಿದು ಮಾಡಿ ನೋಡಮ್ಮ.

ಗುಣಾಂಕಗಳು: ಗಾತ್ರಕ್ಕೆ 15.8, ಮೇಲ್ಮೈಗೆ 18.3, ಕೂಲಂಬ್‌ಗೆ (ಪ್ರೋಟಾನ್‌ಗಳ ವಿಕರ್ಷಣೆ) 0.714, ಅಸಮತೆಗೆ (ನ್ಯೂಟ್ರಾನ್, ಪ್ರೋಟಾನ್ ಸಂಖ್ಯೆಗಳ ವ್ಯತ್ಯಾಸ) 23.2, ಜೋಡಿಗೆ 12. ಎಲ್ಲವೂ ಎಂಇವಿಯಲ್ಲಿ.

ಕಬ್ಬಿಣ-56 ತಗೋ. ಗಾತ್ರದಿಂದ 884.8 ಬರುತ್ತದೆ. ಮೇಲ್ಮೈ 267.9 ಕಳೆಯುತ್ತದೆ, ಕೂಲಂಬ್ 121.3, ಅಸಮತೆ 6.6. ಜೋಡಿಯಿಂದ 1.6 ವಾಪಸ್. ಒಟ್ಟು 490.6. ಅಳೆದ ಬೆಲೆ ಸುಮಾರು 492.3. ಇಷ್ಟು ಚಿಕ್ಕ ಸೂತ್ರಕ್ಕೆ ಇದು ಜಾಸ್ತೀನೇ ಒಳ್ಳೆಯ ಫಲಿತಾಂಶ ಅಲ್ವಾ?

ಈಗ ಸೀಸ-208 ಮಾಡು. ಸೂತ್ರ ಸುಮಾರು 1628.5 ಕೊಡುತ್ತದೆ. ಅಳೆದದ್ದು 1636.4. ಹತ್ತಿರ ಹತ್ತಿರ 8 ಎಂಇವಿ ಕೊರತೆ. ಯಾಕೆ? 82 ಪ್ರೋಟಾನ್, 126 ನ್ಯೂಟ್ರಾನ್, ಎರಡೂ ಮ್ಯಾಜಿಕ್ ಸಂಖ್ಯೆ, ಅಂದರೆ ಶೆಲ್ (ಕಣಗಳು ಕೂರುವ ಪದರ) ಪೂರ್ತಿ ತುಂಬುವ ಸಂಖ್ಯೆ. ಶೆಲ್ ತುಂಬಿದ್ದರಿಂದ ಬರುವ ಹೆಚ್ಚುವರಿ ಬಂಧನ ದ್ರವಬಿಂದುವಿಗೆ ಗೊತ್ತೇ ಇಲ್ಲ. ನೀನು ಯಾವ ಅಲ್ಗಾರಿದಂ ತಂದರೂ ಸೂತ್ರದಲ್ಲಿ ಇಲ್ಲದ್ದನ್ನು ಅದು ಹುಟ್ಟಿಸೋಕೆ ಆಗಲ್ಲ. ಹೆಚ್ಚೆಂದರೆ ಬೇರೆ ನ್ಯೂಕ್ಲಿಯಸ್‌ಗಳ ಫಿಟ್ ಕೆಡಿಸಿ ಸೀಸವನ್ನು ಸಮಾಧಾನ ಮಾಡುತ್ತದೆ.

ಅಂತರಗಂಗೆ (ಕೋಲಾರ)

ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಗೈಡ್ ಹತ್ತಿರ ಹೋಗಿ "ಇದು ಬೇಡವಂತೆ ಸರ್" ಅಂತ ಹೇಳೋ ಧೈರ್ಯ ನನಗಿಲ್ಲ. ಸಿನಾಪ್ಸಿಸ್ ಆಗಲೇ ಸಬ್ಮಿಟ್ ಆಗಿದೆ.

ಚಾಂಪಿಯನ್ ರೀಫ್ಸ್ (ಕೆಜಿಎಫ್)

ಹೇಳಲೇಬೇಡಿ. ಎರಡೂ ಮಾಡಿ. ಲೀಸ್ಟ್ ಸ್ಕ್ವೇರ್ಸ್ ಉತ್ತರ ಪಕ್ಕದಲ್ಲಿ ಇಟ್ಟುಕೊಂಡು ಜೆನೆಟಿಕ್ ಅಲ್ಗಾರಿದಂ ಓಡಿಸಿ. ಅದು ಅಲ್ಲಿಗೆ ತಲುಪಿದರೆ ನಿಮ್ಮ ಕೋಡ್ ಸರಿ ಇದೆ ಅಂತ ಅರ್ಥ. ತಲುಪದಿದ್ದರೆ ಎರಡನೇ ಭಾಗಕ್ಕೆ ಕೈ ಹಾಕುವ ಮೊದಲೇ ಗೊತ್ತಾಗುತ್ತದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ಸಿನಾಪ್ಸಿಸ್‌ಗೂ ಮರ್ಯಾದೆ ಉಳಿಯುತ್ತದೆ.

ಕ್ಯಾತ್ಸಂದ್ರ ಮೇಡಂ (ತುಮಕೂರು)

ನನ್ನ ಪಿಎಚ್‌ಡಿ ನ್ಯೂಕ್ಲಿಯರ್ ರಿಯಾಕ್ಷನ್ಸ್‌ನಲ್ಲಿ ಆಗಿದ್ದು, ಅದಕ್ಕೇ ಎರಡನೇ ಭಾಗ ನಾನು ತಗೊಳ್ಳುತ್ತೇನೆ.

ಅಂತರಗಂಗೆ, ನೀನು ಕೊಟ್ಟ ಮೂರು ಸಾಲಿನಲ್ಲಿ ವಿಯನ್ನು ಆರ್‌ನ ವರ್ಗದಿಂದ ಗುಣಿಸು. 46ನ್ನು 1.25ರ ವರ್ಗದಿಂದ ಗುಣಿಸಿದರೆ 71.9. 50, 1.20ಕ್ಕೆ 72.0. 54, 1.155ಕ್ಕೂ 72.0. ಮೂರೂ ಒಂದೇ! ನಿನ್ನ ಕೋಡ್ ಕೆಟ್ಟಿಲ್ಲ. ಅದು ಹೇಳಬೇಕಾದ್ದನ್ನೇ ಹೇಳುತ್ತಿದೆ.

ಆಪ್ಟಿಕಲ್ ಮಾಡೆಲ್ ಮಾಡುವವರಿಗೆಲ್ಲ ಇದು ಹಳೇ ಕಥೆ. ವುಡ್ಸ್ ಮತ್ತು ಸ್ಯಾಕ್ಸನ್ 1954ರಲ್ಲಿ ಈ ಆಕಾರ ಕೊಟ್ಟರು. ಆಮೇಲೆ ಫಿಟ್ ಮಾಡಿದವರಿಗೆಲ್ಲ ಇದೇ ಕಾಟ. ಪೊಟೆನ್ಷಿಯಲ್ ಸ್ವಲ್ಪ ಆಳ ಮಾಡಿ, ಸ್ವಲ್ಪ ಚಿಕ್ಕದು ಮಾಡು, ಪ್ರೋಟಾನ್‌ಗೆ ವ್ಯತ್ಯಾಸವೇ ತಿಳಿಯಲ್ಲ. ನ್ಯೂಕ್ಲಿಯಾನ್ (ಪ್ರೋಟಾನ್ ಅಥವಾ ನ್ಯೂಟ್ರಾನ್) ಚದುರುವಿಕೆಯಲ್ಲಿ ವಿ ಮತ್ತು ಆರ್‌ನ ವರ್ಗದ ಗುಣಲಬ್ಧ ಹೆಚ್ಚುಕಮ್ಮಿ ಸ್ಥಿರ. ಘಾತ ಎರಡೇ ಆಗಬೇಕು ಅಂತ ನಿಯಮ ಇಲ್ಲ, ಸುಮಾರು ಎರಡು. ಕೈ-ಸ್ಕ್ವೇರ್‌ನ ನಕ್ಷೆ ಬಿಡಿಸಿದರೆ ತಗ್ಗಾದ ಗುಂಡಿ ಕಾಣಲ್ಲ, ಉದ್ದಕ್ಕೆ ಬಾಗಿದ ಕಣಿವೆ ಕಾಣುತ್ತದೆ. ನಿನ್ನ ಮೂರು ಉತ್ತರಗಳೂ ಆ ಕಣಿವೆಯ ಮೂರು ಜಾಗ.

ಅದಕ್ಕೆ "ಯಾವುದು ಸರಿ?" ಅನ್ನೋ ಪ್ರಶ್ನೆ ಬಿಡು. ಈ ಡೇಟಾಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ಕೇಳು. ವಿ ಒಂದೇ ಗೊತ್ತಿಲ್ಲ. ಆರ್ ಒಂದೇ ಗೊತ್ತಿಲ್ಲ. ಎರಡರ ಜೋಡಿ ಚೆನ್ನಾಗಿ ಗೊತ್ತಿದೆ. ವೈವಾದಲ್ಲಿ ಇದನ್ನೇ ಹೇಳು.

ಇನ್ನೊಂದು ಲೆಕ್ಕ ಮಾಡಿ ನೋಡು. ಪೊಟೆನ್ಷಿಯಲ್‌ನ ಒಟ್ಟು ಘನ ಇಂಟೆಗ್ರಲ್ (ಇಡೀ ಗಾತ್ರದ ಮೇಲೆ ಕೂಡಿಸಿದ ಮೊತ್ತ) ತೆಗೆದು 40ರಿಂದ ಭಾಗಿಸು. ನಿನ್ನ ಮೂರು ಸೆಟ್‌ಗೆ ನಾನು ಹಾಕಿದಾಗ ಸುಮಾರು 462, 452, 442 ಬಂತು, ಘಟಕ ಎಂಇವಿ ಘನ ಫರ್ಮಿ. ವಿ ನೂರಕ್ಕೆ ಹದಿನಾರರಷ್ಟು ಅಲ್ಲಾಡಿದರೆ ಇದು ಐದರಷ್ಟೂ ಅಲ್ಲಾಡಿಲ್ಲ. ಪೇಪರ್‌ಗಳಲ್ಲಿ ಪೊಟೆನ್ಷಿಯಲ್‌ಗಳನ್ನು ಹೋಲಿಸುವಾಗ ವಿ ಬದಲು ಈ ಸಂಖ್ಯೆ ಕೊಡೋದು ಇದಕ್ಕೇ.

ಗೌರಿಬಿದನೂರು ಲೈನ್

ಮೇಡಂ, ಒಪ್ಪಿದೆ. ಆದರೆ ಇದಕ್ಕೆ ಜೆನೆಟಿಕ್ ಅಲ್ಗಾರಿದಂ ಯಾಕೆ ಬೇಕು? ಕೋನಿಂಗ್ ಮತ್ತು ಡೆಲಾರೋಶ್ 2003ರಲ್ಲಿ ಕೊಟ್ಟ ಜಾಗತಿಕ ಪೊಟೆನ್ಷಿಯಲ್ (ಅನೇಕ ನ್ಯೂಕ್ಲಿಯಸ್‌ಗಳಿಗೆ ಒಟ್ಟಿಗೆ ನಡೆಯುವಂಥದ್ದು) ಇದೆಯಲ್ಲ, 200 ಎಂಇವಿವರೆಗೆ ನಡೆಯುತ್ತದೆ, ಕ್ಯಾಲ್ಸಿಯಂ ಅದರೊಳಗೇ ಬರುತ್ತದೆ. ಅಲ್ಲಿಂದ ಶುರು ಮಾಡಿ ಸರ್ನ್‌ನವರ ಮಿನ್ಯುಯಿಟ್ (ಇಳಿಜಾರು ಹಿಡಿದು ತಳ ಹುಡುಕುವ ಪ್ರೋಗ್ರಾಂ) ಓಡಿಸಿದರೆ ನಿಮಿಷದೊಳಗೆ ಕೆಲಸ ಮುಗೀತು. ಕಣಿವೆ ಇದೆ ಅಂತ ಅದರ ಕೋವೇರಿಯೆನ್ಸ್ ಮ್ಯಾಟ್ರಿಕ್ಸೇ (ಪ್ಯಾರಾಮೀಟರ್‌ಗಳ ನಂಟಿನ ಪಟ್ಟಿ) ಹೇಳುತ್ತದೆ. ಈ ವಿಕಾಸವಾದ ಎಲ್ಲ ಟೈಟಲ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಹಾಕೋದು, ತಪ್ಪು ತಿಳಿಯಬೇಡಿ.

ಕ್ಯಾತ್ಸಂದ್ರ ಮೇಡಂ (ತುಮಕೂರು)

ತಪ್ಪು ಯಾಕೆ ತಿಳಿಯಲಿ, ಅರ್ಧ ನಿಜವೇ ಹೇಳಿದಿರಿ. ಟೈಟಲ್‌ಗೋಸ್ಕರ ಹಾಕೋರು ಇದ್ದಾರೆ. ಪ್ರೋಟಾನ್, ಕ್ಯಾಲ್ಸಿಯಂ ಆದರೆ ನಿಮ್ಮ ದಾರಿ ಸಾಕು.

ಉಳಿದರ್ಧ ಆಲ್ಫಾ ಕಣಕ್ಕೆ ಬಂದಾಗ ಗೊತ್ತಾಗುತ್ತದೆ. ಅಲ್ಲಿ ಕಣಿವೆ ಒಂದಲ್ಲ. ಪೊಟೆನ್ಷಿಯಲ್‌ನ ಆಳ ಹೆಚ್ಚಿಸುತ್ತಾ ಹೋದರೆ ಒಳಗೆ ಅಲೆಯ ಇನ್ನೊಂದು ಅರ್ಧ ಸೇರಿಕೊಳ್ಳುತ್ತದೆ. ಆದರೆ ಹೊರಗೆ ಕಾಣುವ ಚದುರುವಿಕೆ ಹಾಗೇ ಇರುತ್ತದೆ. ಹೀಗೆ ಒಂದರ ಪಕ್ಕ ಒಂದು ಬೇರೆ ಬೇರೆ ಕಣಿವೆ, ನಡುವೆ ದಿಬ್ಬ. ಮಿನ್ಯುಯಿಟ್ ತಾನು ಇಳಿದ ಕಣಿವೆಯನ್ನು ಚೆನ್ನಾಗಿ ಅಳೆಯುತ್ತದೆ, ದಿಬ್ಬದಾಚೆ ಏನಿದೆ ಅಂತ ನೋಡಲ್ಲ. ಪುಸ್ತಕದ ಸಂಖ್ಯೆಯಿಂದ ಶುರು ಮಾಡಿದರೆ ಪುಸ್ತಕದ ಪಕ್ಕದ ಉತ್ತರವೇ ಸಿಗೋದು. ಆಗ ಬೇರೆ ಕಣಿವೆ ಇದೆ ಅಂತಲೇ ತಿಳಿಯದೆ ಥೀಸಿಸ್ ಬೈಂಡಿಂಗ್ ಆಗಿ ಬರುತ್ತದೆ.

ಶಿಡ್ಲಘಟ್ಟ ಗೂಡು

ನಾನು ಫಿಸಿಕ್ಸ್ ಅಲ್ಲ, ಮನೇಲಿ ರೇಷ್ಮೆ, ನಾನು ಕಂಪ್ಯೂಟರ್ ಸೈನ್ಸ್ ಓದಿದ್ದು. ಕ್ರಾಸ್‌ಓವರ್ ಅಂದರೆ ನಮ್ಮ ಮಿಶ್ರತಳಿ ಥರಾನೇ ಅಲ್ವಾ? ಮೈಸೂರು ದೇಸಿ ಹೆಣ್ಣು, ಸಿಎಸ್‌ಆರ್-2 ಗಂಡು. ತಾಯಿಯಿಂದ ತಡೆದುಕೊಳ್ಳುವ ಶಕ್ತಿ, ತಂದೆಯಿಂದ ನೂಲು. ಇಲ್ಲೂ ಒಳ್ಳೆಯ ವಿ ಒಬ್ಬರಿಂದ, ಒಳ್ಳೆಯ ಆರ್ ಇನ್ನೊಬ್ಬರಿಂದ ತಗೊಂಡರೆ ಮಗು ಇನ್ನೂ ಚೆನ್ನಾಗಿರಬೇಕಲ್ಲ?

ಚಾಂಪಿಯನ್ ರೀಫ್ಸ್ (ಕೆಜಿಎಫ್)

ಇಲ್ಲೇ ಕೈ ಕೊಡೋದು ಗೂಡಣ್ಣ! ಮೇಲಿನ ಸಂಖ್ಯೆಗಳಲ್ಲೇ ನೋಡಿ. ಒಬ್ಬರ ವಿ 46, ಇನ್ನೊಬ್ಬರ ಆರ್ 1.155. ಗುಣಲಬ್ಧ 61ಕ್ಕೆ ಬಿತ್ತು. ತಿರುಗಿಸಿ ಹಾಕಿ: ವಿ 54, ಆರ್ 1.25. ಗುಣಲಬ್ಧ 84. ಬೇಕಿದ್ದದ್ದು 72. ತಂದೆ ತಾಯಿ ಇಬ್ಬರೂ ಕಣಿವೆ ತಳದಲ್ಲಿದ್ದಾರೆ, ಮಕ್ಕಳಿಬ್ಬರೂ ಗುಡ್ಡದ ಮೇಲೆ. ರೇಷ್ಮೆ ಹುಳುವಿನಲ್ಲಿ ಆ ಎರಡು ಗುಣ ಬೇರೆ ಬೇರೆಯಾಗಿ ಬಂದರೂ ನಡೆಯುತ್ತದೆ. ಇಲ್ಲಿ ವಿ ಮತ್ತು ಆರ್ ಜೋಡಿಯಾಗಿಯೇ ಬರಬೇಕು, ಬಿಡಿಸಿದರೆ ಕೆಟ್ಟಿತು.

1975ರಲ್ಲಿ ಜಾನ್ ಹಾಲಂಡ್ ಪುಸ್ತಕ ಬರೆದಾಗ ಇದ್ದ ಮೂಲ ಜೆನೆಟಿಕ್ ಅಲ್ಗಾರಿದಂ ಸೊನ್ನೆ ಒಂದರ ಸಾಲುಗಳನ್ನು ಕತ್ತರಿಸಿ ಅಂಟಿಸುವಂಥದ್ದು. ಒಂದಕ್ಕೊಂದು ಅಂಟಿಕೊಂಡ ಪ್ಯಾರಾಮೀಟರ್‌ಗಳಿಗೆ ಅದು ಅಷ್ಟಕ್ಕಷ್ಟೇ.

ಅದಕ್ಕೇ ನಾನು ಇಂಥ ಕೆಲಸಕ್ಕೆ ಡಿಫರೆನ್ಷಿಯಲ್ ಎವಲ್ಯೂಷನ್ ಹೇಳೋದು. ಸ್ಟಾರ್ನ್ ಮತ್ತು ಪ್ರೈಸ್ 1997ರಲ್ಲಿ ಪ್ರಕಟಿಸಿದ್ದು. ಉಪಾಯ ತುಂಬಾ ಸರಳ. ಗುಂಪಿನಿಂದ ಮೂವರನ್ನು ಎತ್ತಿಕೋ. ಇಬ್ಬರ ವ್ಯತ್ಯಾಸ ತೆಗೆದು, ಅದರ ಅರ್ಧವನ್ನೋ ಮುಕ್ಕಾಲನ್ನೋ ಮೂರನೆಯವರಿಗೆ ಕೂಡಿಸು. ಹೊಸಬ ಹಳಬನಿಗಿಂತ ಚೆನ್ನಾಗಿದ್ದರೆ ಇಟ್ಟುಕೋ, ಇಲ್ಲವಾದರೆ ಎಸೆ.

ಅದೇ ಮೂರು ಸಾಲಿಗೆ ಹಾಕಿ ನೋಡಿ. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ ವಿಯಲ್ಲಿ +8, ಆರ್‌ನಲ್ಲಿ -0.095. ಅದರ ಅರ್ಧ +4, -0.0475. ನಡುವಿನ ಸಾಲಿಗೆ ಕೂಡಿಸಿ: ವಿ 54, ಆರ್ 1.1525. ಗುಣಲಬ್ಧ 71.7. ಕಣಿವೆಯೊಳಗೇ ಉಳಿಯಿತು! ಗುಂಪು ಕಣಿವೆಯ ಉದ್ದಕ್ಕೆ ಹರಡಿದ್ದರೆ ಅವರ ವ್ಯತ್ಯಾಸಗಳೂ ಕಣಿವೆಯ ದಿಕ್ಕಿಗೇ ಇರುತ್ತವೆ. ದಿಕ್ಕು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆ. ಇದರಲ್ಲೂ ಕ್ರಾಸ್‌ಓವರ್ ಪ್ರಮಾಣ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಕಡಿಮೆ ಇಟ್ಟರೆ ಮತ್ತೆ ವಿ ಬೇರೆ, ಆರ್ ಬೇರೆ ಆಗಿ ಅದೇ ಗೋಳು. 0.9 ಅಥವಾ ಅದಕ್ಕಿಂತ ಮೇಲೆ ಇಡಿ. ಪೈಥಾನ್‌ನ ಸೈಪೈನಲ್ಲಿ ತಾನಾಗಿ ಬರೋದು 0.7.

ಶಿಡ್ಲಘಟ್ಟ ಗೂಡು

ಇದು ಚೆನ್ನಾಗಿ ಅರ್ಥ ಆಯ್ತು ಅಣ್ಣ. ಕಾಲೇಜಿನಲ್ಲಿ ಬರೀ ಫ್ಲೋಚಾರ್ಟ್ ಬರೆಸಿ ಬಿಟ್ಟಿದ್ದರು.

ಅಂತರಗಂಗೆ (ಕೋಲಾರ)

ಗುಂಪಿನಲ್ಲಿ ಎಷ್ಟು ಜನ ಇರಬೇಕು? ನನ್ನದು ಆರು ಪ್ಯಾರಾಮೀಟರ್: ನಿಜ ಭಾಗಕ್ಕೆ ಮೂರು, ಹೀರಿಕೊಳ್ಳುವ ಭಾಗಕ್ಕೆ ಮೂರು. ಸ್ಪಿನ್-ಆರ್ಬಿಟ್ (ಪ್ರೋಟಾನ್‌ನ ಸ್ಪಿನ್ ಮೇಲೆ ನಿಂತ ಭಾಗ) ಪುಸ್ತಕದ ಬೆಲೆಗೆ ಕಟ್ಟಿಹಾಕಿದ್ದೇನೆ. ನನ್ನ ಲ್ಯಾಪ್‌ಟಾಪ್ ಹಳೇದು, ಊರಲ್ಲಿ ಮಧ್ಯಾಹ್ನ ಕರೆಂಟ್ ಇರಲ್ಲ.

ಚಾಂಪಿಯನ್ ರೀಫ್ಸ್ (ಕೆಜಿಎಫ್)

ಪ್ಯಾರಾಮೀಟರ್‌ಗೆ ಹತ್ತರಂತೆ, ಅರವತ್ತು ಸಾಕು. ಇನ್ನೂರು ತಲೆಮಾರು ಅಂದರೆ ಹನ್ನೆರಡು ಸಾವಿರ ಸಲ ಶ್ರೋಡಿಂಗರ್ ಸಮೀಕರಣ ಬಿಡಿಸಬೇಕು. 30 ಎಂಇವಿಗೆ ಪಾರ್ಷಿಯಲ್ ವೇವ್‌ಗಳು (ಒಂದೊಂದಾಗಿ ಬಿಡಿಸಬೇಕಾದ ಅಲೆಯ ಭಾಗಗಳು) ಕಡಿಮೆ, ಹಳೇ ಲ್ಯಾಪ್‌ಟಾಪೂ ತಡೆಯುತ್ತದೆ. ಪ್ರತಿ ತಲೆಮಾರು ಮುಗಿದಾಗ ಇಡೀ ಗುಂಪನ್ನು ಫೈಲ್‌ಗೆ ಬರೆಸಿ. ಕರೆಂಟ್ ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ಗುಂಪಿನವರ ಲೆಕ್ಕ ಒಂದಕ್ಕೊಂದು ಸಂಬಂಧ ಇಲ್ಲದ್ದು, ಲ್ಯಾಬ್‌ನಲ್ಲಿ ನಾಲ್ಕು ಮಷೀನ್ ಖಾಲಿ ಇದ್ದರೆ ಹಂಚಿಯೂ ಹಾಕಬಹುದು.

ಹಾಗೇ ಮಿತಿಗಳನ್ನು ನೋಡಿಕೊಳ್ಳಿ. ಉತ್ತರ ಬಂದು ನೀವು ಹಾಕಿದ ಬೇಲಿಗೆ ಅಂಟಿಕೊಂಡಿದ್ದರೆ ಅದು ಉತ್ತರ ಅಲ್ಲ, ಬೇಲಿ.

ಮುಳಬಾಗಿಲು ಮೇಷ್ಟ್ರು

ಡೇಟಾ ಬಿಂದುಗಳು ಎಷ್ಟಿವೆ ಅಂತ ಯಾರೂ ಕೇಳಲೇ ಇಲ್ಲವಲ್ಲ! ನಮ್ಮ ಚಾಂಪಿಯನ್ ರೀಫ್ಸ್ ಹೆಸರಿನವರಿಗೆ ಇದು ನೆನಪಿರಬೇಕು. ಅದೇ ಹೆಸರಿನ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ಟಿಐಎಫ್‌ಆರ್ (ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ), ಒಸಾಕಾ, ಡರಂ ತಂಡದವರು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣ ಹಿಡಿದರು. ಅವರ ಕೈಯಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ಘಟನೆಗಳು. ಅಷ್ಟರಲ್ಲಿ ಏನು ಹೇಳಬಹುದೋ ಅಷ್ಟನ್ನೇ ಹೇಳಿದರು. ಈಗಿನ ಹುಡುಗರು ಹದಿನೈದು ಬಿಂದುವಿಗೆ ಹನ್ನೆರಡು ಪ್ಯಾರಾಮೀಟರ್ ಹಾಕಿ ಕೈ-ಸ್ಕ್ವೇರ್ ಇಳಿಯಿತು ಅಂತ ಕುಣಿಯುತ್ತಾರೆ.

ಚಾಂಪಿಯನ್ ರೀಫ್ಸ್ (ಕೆಜಿಎಫ್)

ಮೇಷ್ಟ್ರೇ, ನೆನಪಿಲ್ಲದೆ ಏನು. ನಮ್ಮ ತಾತ ಅದೇ ಗಣಿಯಲ್ಲಿ ಕೆಲಸ ಮಾಡಿದವರು. ಬಿಂದುಗಳ ಮಾತು ಒಪ್ಪಿದೆ.

ಕ್ಯಾತ್ಸಂದ್ರ ಮೇಡಂ (ತುಮಕೂರು)

ಮೇಷ್ಟ್ರು ಹೇಳಿದ್ದು ಇನ್ನೂ ದೊಡ್ಡ ಲೆಕ್ಕಗಳಲ್ಲಿ ಜಾಸ್ತಿ ಕಾಡುತ್ತದೆ. ಪ್ರೋಟಾನ್ ಮೇಲೆ ಫೋಟಾನ್ ಬಿಟ್ಟು ಕೇಯಾನ್ ಅನ್ನೋ ಕಣ ಹುಟ್ಟಿಸುವ ಪ್ರಯೋಗಗಳಿವೆ. ನಡುವೆ ಯಾವ ಯಾವ ರೆಸೊನೆನ್ಸ್ (ಕ್ಷಣಕಾಲ ಬದುಕುವ ಉದ್ರಿಕ್ತ ಸ್ಥಿತಿ) ಬಂದು ಹೋಗುತ್ತದೆ ಅಂತ ಹುಡುಕಬೇಕು. ಒಂದೊಂದು ರೆಸೊನೆನ್ಸ್ ಸೇರಿಸಿದಾಗಲೂ ಹೊಸ ಪ್ಯಾರಾಮೀಟರ್‌ಗಳು ಬರುತ್ತವೆ. 2004ರಲ್ಲಿ ಗ್ಲಾಸ್ಗೋದ ಐರ್ಲೆಂಡ್ ಅನ್ನುವವರು, ಘೆಂಟ್‌ನ ಯಾನ್ಸೆನ್ ಮತ್ತು ರೈಕೆಬುಶ್ ಇದಕ್ಕೆ ಜೆನೆಟಿಕ್ ಅಲ್ಗಾರಿದಂ ಬಳಸಿದರು. ಅಲ್ಲಿ ಅದಕ್ಕೆ ನಿಜವಾಗಿ ಕೆಲಸ ಇತ್ತು. ಕೈ-ಸ್ಕ್ವೇರ್‌ನ ನೆಲ ಎಲ್ಲೆಲ್ಲೂ ಗುಂಡಿ ಬಿದ್ದ ರಸ್ತೆ, ಎಲ್ಲಿಂದ ಶುರು ಮಾಡಿದರೆ ಅಲ್ಲೇ ಪಕ್ಕದ ಗುಂಡಿಗೆ ಬೀಳೋದು.

ಗೌರಿಬಿದನೂರು ಲೈನ್

ಸರಿ ಮೇಡಂ, ಆದರೆ ನನ್ನ ಕಡೆಗೂ ಒಂದು ಸಾಕ್ಷಿ ಇದೆ. ಎನ್‌ಎನ್‌ಪಿಡಿಎಫ್ ತಂಡ ಪ್ರೋಟಾನ್ ಒಳಗಿನ ಕ್ವಾರ್ಕ್, ಗ್ಲುವಾನ್ ಹಂಚಿಕೆ ತೆಗೆಯೋಕೆ ನ್ಯೂರಲ್ ನೆಟ್‌ವರ್ಕ್ ಬಳಸುತ್ತದೆ. ಅದನ್ನು ಪಳಗಿಸೋಕೆ ವರ್ಷಗಟ್ಟಲೆ ಜೆನೆಟಿಕ್ ಅಲ್ಗಾರಿದಂ ಇಟ್ಟುಕೊಂಡಿದ್ದರು. 2021ರ 4.0 ಆವೃತ್ತಿಯಲ್ಲಿ ಬಿಟ್ಟು ಗ್ರೇಡಿಯೆಂಟ್ ಡಿಸೆಂಟ್‌ಗೆ (ಇಳಿಜಾರು ಹಿಡಿದು ಇಳಿಯುವ ವಿಧಾನ) ಹೋದರು. ಇಳಿಜಾರಿನ ಲೆಕ್ಕ ಅಗ್ಗವಾಗಿ ಸಿಗುವಾಗ ಕುರುಡಾಗಿ ತಡಕಾಡೋದು ಯಾಕೆ?

ಕ್ಯಾತ್ಸಂದ್ರ ಮೇಡಂ (ತುಮಕೂರು)

ಒಳ್ಳೆ ಉದಾಹರಣೆ, ಇದು ನಾನೇ ಹೇಳಬೇಕಿತ್ತು. ಡಿರೈವೇಟಿವ್ ಸುಲಭವಾಗಿ ಸಿಕ್ಕರೆ ಅದನ್ನೇ ಬಳಸಿ. ಅಂತರಗಂಗೆಗೂ ಕೊನೆಯ ಹಂತಕ್ಕೆ ಅದೇ ಹೇಳುತ್ತೇನೆ: ಹುಡುಕಾಟ ಡಿಫರೆನ್ಷಿಯಲ್ ಎವಲ್ಯೂಷನ್ ಮಾಡಲಿ, ಸಿಕ್ಕ ಜಾಗದಿಂದ ತಳಕ್ಕೆ ಇಳಿಸೋದು ಮಿನ್ಯುಯಿಟ್ ಮಾಡಲಿ.

ಅಂತರಗಂಗೆ (ಕೋಲಾರ)

ಮೇಡಂ, ಒಂದು ಅನುಮಾನ. ಹಾಗೆ ಇಳಿಸಿದರೆ ಮೂರು ಉತ್ತರವೂ ಒಂದೇ ಆಗಿಬಿಡಬಹುದಲ್ಲ? ಆಗ ಕಣಿವೆ ಇದೆ ಅಂತ ತೋರಿಸೋದು ಹೇಗೆ? ಎರರ್ ಬಾರ್‌ಗೆ ಕೊನೇ ತಲೆಮಾರಿನ ಗುಂಪು ಎಷ್ಟು ಹರಡಿದೆ ಅಂತ ಕೊಟ್ಟರೆ ಸಾಕಾ?

ಕ್ಯಾತ್ಸಂದ್ರ ಮೇಡಂ (ತುಮಕೂರು)

ಎರಡನೆಯದಕ್ಕೆ ಮೊದಲು ಉತ್ತರ: ಬೇಡ, ಖಂಡಿತ ಬೇಡ. ತುಂಬಾ ಜನ ಇದನ್ನೇ ಎರರ್ ಅಂತ ಬರೆದುಬಿಡುತ್ತಾರೆ. ಕೊನೇ ತಲೆಮಾರು ಆಯ್ಕೆಯಾಗಿ ಆಯ್ಕೆಯಾಗಿ ಉಳಿದ ಗುಂಪು. ಇನ್ನೂ ನೂರು ತಲೆಮಾರು ಓಡಿಸಿದರೆ ಇನ್ನೂ ಕುಗ್ಗುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಎರರ್ ಕಡಿಮೆ ಆಗೋದಾದರೆ ಅದು ಡೇಟಾದ ಎರರ್ ಹೇಗಾಗುತ್ತದೆ? ಅದು ನಿನ್ನ ತಾಳ್ಮೆಯ ಅಳತೆ ಅಷ್ಟೇ.

ಎರರ್ ಬೇಕಿದ್ದರೆ ವಿಯನ್ನು ಒಂದು ಬೆಲೆಗೆ ಕಟ್ಟಿಹಾಕು. ಉಳಿದ ಐದನ್ನೂ ಬಿಟ್ಟು ಫಿಟ್ ಮಾಡು, ಕೈ-ಸ್ಕ್ವೇರ್ ಬರೆದಿಟ್ಟುಕೋ. ವಿ 44ರಿಂದ 56ರವರೆಗೆ ಒಂದೊಂದೇ ಎಂಇವಿ ಏರಿಸುತ್ತಾ ಹೋಗು. ಕೈ-ಸ್ಕ್ವೇರ್ ತಳದಿಂದ 1 ಏರಿದ ಜಾಗ ನಿನ್ನ ಮಿತಿ. ಮಿನ್ಯುಯಿಟ್‌ನಲ್ಲಿ ಮಿನೋಸ್ ಮಾಡೋದೂ ಇದನ್ನೇ. ನಿನ್ನ ಫಿಟ್‌ನ ಕೈ-ಸ್ಕ್ವೇರ್ ಬಿಂದುವಿಗೆ ಒಂದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಆ 1 ಅನ್ನೋದನ್ನು ಹಾಗೇ ನಂಬಬೇಡ. ಡೇಟಾದ ಎರರ್ ಕಡಿಮೆ ಬರೆದಿದ್ದಾರೆ ಅಥವಾ ಮಾದರಿಯಲ್ಲೇ ಏನೋ ಇಲ್ಲ.

ಅದೇ ಲೆಕ್ಕದಲ್ಲಿ ಪ್ರತಿ ವಿಗೂ ಸಿಕ್ಕ ಆರ್ ಬರೆದು ಗ್ರಾಫ್ ಹಾಕು. ಕಣಿವೆ ಅಲ್ಲೇ ಕಾಣುತ್ತದೆ. ಬೇರೆ ಬೇರೆ ಸೀಡ್‌ನ ಉತ್ತರಗಳು, ಇಳಿಸುವ ಮೊದಲಿನವು, ಅದೇ ಗ್ರಾಫ್ ಮೇಲೆ ಚುಕ್ಕೆಗಳಾಗಿ ಹಾಕು. ಚುಕ್ಕೆ ಎಲ್ಲ ಆ ಗೆರೆಯ ಮೇಲೇ ಬಿದ್ದರೆ ಒಂದೇ ಕಣಿವೆ. ಒಂದೆರಡು ದೂರ ಬಿದ್ದಿದ್ದರೆ ಅವನ್ನು ಅಳಿಸಬೇಡ, ಬೇರೆ ಕಣಿವೆ ಇರಬಹುದು.

ಗೌರಿಬಿದನೂರು ಲೈನ್

ಈ ಗ್ರಾಫ್‌ಗೆ ನನ್ನದೂ ಓಟು. ಒಂದೇ ಸಲ ಓಡಿಸಿ ನಾಲ್ಕು ದಶಾಂಶದವರೆಗೆ ಉತ್ತರ ಬರೆದ ಪ್ರಾಜೆಕ್ಟ್ ರಿಪೋರ್ಟ್ ಓದಿ ಓದಿ ಸಾಕಾಗಿತ್ತು.

ಅಂತರಗಂಗೆ (ಕೋಲಾರ)

ಮಾಡಿದೆ! ಕ್ರಾಸ್‌ಓವರ್ 0.9 ಇಟ್ಟು ಡಿಫರೆನ್ಷಿಯಲ್ ಎವಲ್ಯೂಷನ್ ಹಾಕಿದೆ. ಚುಕ್ಕೆಗಳು ಗೆರೆಯ ಮೇಲೇ ಸಾಲಾಗಿ ಬಿದ್ದಿವೆ, ದೂರ ಯಾವುದೂ ಇಲ್ಲ. ಹೀರಿಕೊಳ್ಳುವ ಭಾಗದ ಮೂರು ಮಾತ್ರ ಚೆಲ್ಲಾಪಿಲ್ಲಿ. ಅದಕ್ಕೇನಾದರೂ ದಾರಿ ಇದೆಯಾ?

ಕ್ಯಾತ್ಸಂದ್ರ ಮೇಡಂ (ತುಮಕೂರು)

ಅದು ಅಲ್ಗಾರಿದಂ ಕೈಯಲ್ಲಿಲ್ಲ, ಡೇಟಾ ಜಾಸ್ತಿ ಬೇಕು. ಎಕ್ಸ್‌ಫೋರ್ ಡೇಟಾಬೇಸ್‌ನಲ್ಲಿ (ನ್ಯೂಕ್ಲಿಯರ್ ಪ್ರಯೋಗಗಳ ಅಳತೆಗಳ ಸಂಗ್ರಹ) ಅದೇ ಶಕ್ತಿಯ ಹತ್ತಿರ ಪ್ರೋಟಾನ್‌ನ ಒಟ್ಟು ರಿಯಾಕ್ಷನ್ ಕ್ರಾಸ್ ಸೆಕ್ಷನ್ (ರಿಯಾಕ್ಷನ್ ಆಗುವ ಸಂಭವದ ಅಳತೆ) ಹುಡುಕು. ಒಂದೇ ಬಿಂದು ಸಿಕ್ಕರೂ ಸಾಕು, ಎಷ್ಟು ಪ್ರೋಟಾನ್ ಬರೀ ಚದುರದೆ ರಿಯಾಕ್ಷನ್‌ಗೆ ಹೋಯಿತು ಅಂತ ಅದು ನೇರವಾಗಿ ಹೇಳುತ್ತದೆ. ಪೋಲರೈಸೇಷನ್ (ಸ್ಪಿನ್ ದಿಕ್ಕಿನ) ಡೇಟಾ ಸಿಕ್ಕರೆ ಸ್ಪಿನ್-ಆರ್ಬಿಟ್ ಕಟ್ಟು ಬಿಚ್ಚಬಹುದು. ಸಿಗದಿದ್ದರೆ ಬಿಚ್ಚಬೇಡ. ಟೇಬಲ್‌ನಲ್ಲಿ ಮೊದಲ ಕಾಲಂ ಘನ ಇಂಟೆಗ್ರಲ್ ಇರಲಿ, ವಿ ಮತ್ತು ಆರ್ ಆಮೇಲೆ, ಎರಡಕ್ಕೂ ಎಷ್ಟು ನಂಟು ಇದೆ ಅನ್ನೋ ಕೋರಿಲೇಷನ್ ಜೊತೆಗೆ.

ಅಂತರಗಂಗೆ (ಕೋಲಾರ)

ಸರಿ ಮೇಡಂ, ಇವತ್ತೇ ಹುಡುಕುತ್ತೇನೆ. ಕಬ್ಬಿಣ-56 ಲೆಕ್ಕವೂ ಪೆನ್ನಲ್ಲೇ ಮಾಡಿದೆ ಮೇಷ್ಟ್ರೇ, 490.6 ಬಂತು.

ಮುಳಬಾಗಿಲು ಮೇಷ್ಟ್ರು

ಭೇಷ್. ನಿಕ್ಕಲ್-62 ಕೂಡ ಮಾಡು. ಒಂದು ನ್ಯೂಕ್ಲಿಯಾನ್‌ಗೆ ಎಷ್ಟು ಬಂಧನ ಅಂತ ನೋಡಿದರೆ ಅಳತೆಯಲ್ಲಿ ಕಬ್ಬಿಣ-56ಕ್ಕಿಂತ ಅದೇ ಕೂದಲೆಳೆಯಷ್ಟು ಮೇಲೆ. ಸೂತ್ರ ಏನು ಹೇಳುತ್ತದೆ, ಇಲ್ಲೇ ಬರಿ.